ತ್ಯಾಲ್ದುರ್ ದೋಣಿಯ ಮಳೆಕೋಟುಗಳು

ಸುನ್ವಾ ಅತ್ತೆಯ ಬದುಕೆಲ್ಲ ಉಣ್ಣೆಯ ಮೇಲೆಯೇ ನಡೆದಿತ್ತು. ಉತ್ತರ ಅಟ್ಲಾಂಟಿಕ್ ಕಡಲಿನ ಫಾರೋ ದ್ವೀಪಗಳ ನಮ್ಮ ಊರಲ್ಲಿ ಮದುವೆಯ ಮೇಲಂಗಿಯಾಗಲಿ, ದೋಣಿ ಪಂದ್ಯದ ಸ್ವೆಟರಾಗಲಿ, ಕಸೂತಿ ಬೇಕೆಂದರೆ ಬಂದರಿನ ಪಕ್ಕದ ಅವಳ ಅಂಗಡಿಗೇ ಬರಬೇಕು. ಕಸೂತಿ ಯಂತ್ರ ಬಂದ ಮೇಲೂ, ಮುಗಿದ ಕೆಲಸವನ್ನು ಕೆನ್ನೆಗೊತ್ತಿ ನೋಡುವ ಅಭ್ಯಾಸವನ್ನು ಅವಳು ಬಿಟ್ಟಿರಲಿಲ್ಲ. ಎದುರು ದಡದಲ್ಲಿ ತುಮ್ಮಾಸನ ಅಂಗಡಿ. ಅವನು ಚೌಕಟ್ಟಿಗೆ ಬಿಗಿದ ಜಾಲರಿಯ ಮೂಲಕ ಶಾಯಿ ಎಳೆದು ಬಟ್ಟೆಗೆ ಅಚ್ಚು ಹಾಕುತ್ತಿದ್ದ. ಅತ್ತೆಯ ಬಾಯಲ್ಲಿ ಅವನು 'ಬಣ್ಣ ಬಳಿಯೋನು'.

ರಕ್ಷಣಾ ದೋಣಿ ತ್ಯಾಲ್ದುರ್‌ಗೆ ಹೊಸ ಮಳೆಕೋಟುಗಳು ಬಂದವು. ತ್ಯಾಲ್ದುರ್ ಎಂದರೆ ಕೆಂಪು ಕೊಕ್ಕಿನ ಕಡಲಹಕ್ಕಿ. ಕೋಟುಗಳ ಬೆನ್ನಿಗೆ ಆ ಹಕ್ಕಿ, ಕೆಳಗೆ ದೋಣಿಯ ಹೆಸರು ಬೇಕಿತ್ತು. ದೋಣಿಯ ನಾಯಕಿ ಬಿರ್ನಾ ಒಂದು ಕೋಟು ಹಿಡಿದು ಬಂದಳು.

"ಅಚ್ಚು ಹಾಕ್ಸೋಣ ಅಂತಿದೀನಿ, ಸುನ್ವಕ್ಕ. ಬೇಗ ಆಗುತ್ತೆ."

"ಹಾಕ್ಸು. ಎರಡು ಚಳಿಗಾಲ ಕಳೀಲಿ, ಬೆಂದ ಆಲೂಗಡ್ಡೆ ಸಿಪ್ಪೆ ಥರ ಎದ್ದು ಬರುತ್ತೆ. ಆಮೇಲೆ ಮುಳುಗ್ತಿರೋರು, ನೀವು ಯಾವ ದೋಣಿಯೋರು ಅಂತ ಕೇಳ್ಬೇಕು."

ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದ ಅತ್ತೆಯ ಗಂಡ ಹಾನುಸ್ ಮಾವ ನಕ್ಕ. ಆ ದೋಣಿಯ ಎಂಜಿನ್ ನೋಡಿಕೊಳ್ಳುವವನು ಅವನೇ. "ಒಪ್ಕೊಂಡ್ಬಿಡು ಬಿರ್ನಾ. ಇಲ್ದಿದ್ರೆ ನಂಗೆ ಮನೇಲಿ ಊಟ ಸಿಗಲ್ಲ."

ಬಿರ್ನಾ ಒಪ್ಪಿದಳು. ಅತ್ತೆ ಅಷ್ಟು ಒತ್ತಾದ ಕಸೂತಿಯನ್ನು ಹಿಂದೆಂದೂ ಹಾಕಿರಲಿಲ್ಲ. ಹಕ್ಕಿಯ ರೆಕ್ಕೆ ಮುಟ್ಟಿದರೆ ಬೆರಳಿಗೆ ಗರಿಯೇ ಸಿಕ್ಕಂತಿತ್ತು.

ಫೆಬ್ರವರಿಯ ಬಿರುಗಾಳಿಯಲ್ಲಿ ಮೀನುದೋಣಿಯೊಂದರ ಎಂಜಿನ್ ನಿಂತಿತೆಂದು ಕರೆ ಬಂತು. ಸಂಜೆಯ ಹೊತ್ತಿಗೆ ತ್ಯಾಲ್ದುರ್ ಅದನ್ನು ಎಳೆದು ತಂದಿತು. ಎಲ್ಲರೂ ಬದುಕಿದ್ದರು. ಆದರೆ ದಾರಿಯುದ್ದಕ್ಕೂ ಅಲೆಗಳಿಗೆ ಬೆನ್ನು ಕೊಟ್ಟು ಎಳೆಯುವ ಹಗ್ಗವನ್ನು ಕಾಯುತ್ತ ನಿಂತಿದ್ದ ಹಾನುಸ್ ಮಾವ ದಡಕ್ಕೆ ಕಾಲಿಡಲಾರದೆ ಕುಸಿದ. ತುಟಿ ನೀಲಿಯಾಗಿತ್ತು. ಅತ್ತೆಯನ್ನು ನೋಡಿ ಅವನು ತನ್ನ ಸತ್ತ ತಂಗಿಯ ಹೆಸರು ಹಿಡಿದು ಕರೆದ.

ಕೋಟು ಬಿಚ್ಚಿದರೆ ಒಳಗಿನ ಬೆನ್ನೆಲ್ಲ ನೀರು.

"ಕತ್ತಿನಿಂದ ಇಳಿದಿರ್ಬೇಕು," ಎಂದಳು ಬಿರ್ನಾ, ಅವನ ಮೇಲೆ ಕಂಬಳಿ ಹೊದಿಸಿ. ಅವನನ್ನು ಕರೆದೊಯ್ಯುವ ಆಂಬುಲೆನ್ಸ್ ಇನ್ನೂ ದಾರಿಯಲ್ಲಿತ್ತು. ಬಿರ್ನಾ ತನ್ನ ಕೋಟನ್ನೂ ಕಳಚಿ ತಿರುಗಿದಳು. ಅವಳು ಹೆಚ್ಚು ಹೊತ್ತು ಚುಕ್ಕಾಣಿಯ ಕೋಣೆಯಲ್ಲೇ ಇದ್ದವಳು. ಒಳಗಿನ ಬೂದು ಅಂಗಿ ಒಣಗಿಯೇ ಇತ್ತು. ನಡುಬೆನ್ನಿನಲ್ಲಿ ಮಾತ್ರ ಕಪ್ಪಗೆ, ಒದ್ದೆಯಾಗಿ, ಒಂದು ಹಕ್ಕಿ. ಕೆಳಗೆ ಓದಬಹುದಾದಷ್ಟು ಸ್ಪಷ್ಟವಾಗಿ ದೋಣಿಯ ಹೆಸರು.

ಅತ್ತೆ ಆ ಕೋಟು ತೆಗೆದುಕೊಂಡು, ಕಸೂತಿಯ ಕೆಳಗೆ ಅಂಗೈ ಹಿಡಿದು, ಮೇಲಿನಿಂದ ಒಂದು ಲೋಟ ನೀರು ಸುರಿದಳು. ಅಂಗೈ ತುಂಬಿತು.

"ಉಣ್ಣೆ ಮುಚ್ಕೊಳ್ಳುತ್ತೆ," ಎಂದಳು. "ಉಣ್ಣೆ ಮುಚ್ಕೊಳ್ಳುತ್ತಲ್ಲಾ..."

ಸೂಜಿ ಹೋದ ದಾರಿಯನ್ನು ಒದ್ದೆ ಉಣ್ಣೆ ಉಬ್ಬಿ ಮುಚ್ಚಿಬಿಡುತ್ತದೆ. ಉಣ್ಣೆಯಲ್ಲೇ ಹುಟ್ಟಿ ಬೆಳೆದ ನಮಗೆ ಯಾರಿಗೂ, ಮಳೆಕೋಟಿನ ಈ ಬಟ್ಟೆಯಲ್ಲಿ ಸೂಜಿಯ ತೂತು ಮುಚ್ಚಿಕೊಳ್ಳುವುದಿಲ್ಲ ಎಂದು ಹೊಳೆದೇ ಇರಲಿಲ್ಲ.

ಮಾವ ಆಸ್ಪತ್ರೆಯಿಂದ ಮನೆಗೆ ಬಂದ. ದಾರ ಬಿಚ್ಚಿದರೂ ತೂತು ಉಳಿಯುತ್ತದೆ. ಬೇರೆ ಕೋಟುಗಳನ್ನೇ ತರಿಸಬೇಕಾಯಿತು. ಅವನ್ನು ಹೊತ್ತು ಅತ್ತೆ ತಾನೇ ತುಮ್ಮಾಸನಲ್ಲಿಗೆ ಹೋದಳು. ನಾನೂ ಜೊತೆಗಿದ್ದೆ.

"ಏನು, ಬಣ್ಣ ಬಳಿಯೋನ ಹತ್ರ..." ಎಂದು ಶುರುಮಾಡಿದವನು ಅವಳ ಮುಖ ನೋಡಿ ನಿಲ್ಲಿಸಿದ. "ಕೊಕ್ಕು ಕೆಂಪು ತಾನೆ, ಸುನ್ವಕ್ಕ?"

"ಕೆಂಪೇ."

ಶಾಯಿ ಪೂರ್ತಿ ಗಟ್ಟಿಯಾದ ಮೇಲೆ ಅತ್ತೆ ತೆಳು ಅಂಗಿಯ ಮೇಲೆ ಒಂದು ಕೋಟು ತೊಟ್ಟು, ದೋಣಿ ತೊಳೆಯುವ ಪೈಪಿನ ಮುಂದೆ ಬೆನ್ನು ಮಾಡಿ ನಿಂತಳು.

"ಬಿಡು ನೀರು."

"ತಲೆ ಕೆಟ್ಟಿದ್ಯಾ? ಈ ಚಳೀಲಿ?"

"ಬಿಡು ಅಂದೆ."

ತುಮ್ಮಾಸ್ ಬಿಟ್ಟ. ಅವಳು ಕಂಬ ಹಿಡಿದು ನಿಂತೇ ಇದ್ದಳು. ನೀರು ನಿಂತಾಗ ನಾನು ಕೋಟಿನೊಳಗೆ ಕೈ ಹಾಕಿ ಅವಳ ಬೆನ್ನು ಮುಟ್ಟಿದೆ. ಬೆಚ್ಚಗಿತ್ತು.

"ಒಣಗೇ ಇದೆ, ಅತ್ತೆ."

"ಸರಿಯಾಗಿ ನೋಡು."

ಮತ್ತೆ ನೋಡಿದೆ. ಒಣಗಿಯೇ ಇತ್ತು. ಹಾಗೆಂದು ಹೇಳಿದೆ.

ಅವಳು ಕಂಬ ಬಿಡಲಿಲ್ಲ. "ಇನ್ನೊಂದ್ಸಲ ಬಿಡು, ತುಮ್ಮಾಸ್," ಎಂದಳು. ಅವನು ನಲ್ಲಿ ತಿರುಗಿಸಿದ.