ನಾಲ್ಕು ಬೆರಳು ತಗ್ಗಿದ್ದ ರಿಂಗು

ಮೌನಪ್ಪನ ಮುತ್ತಜ್ಜ ಕಾಳಪ್ಪ ಕೃಷ್ಣೆಯ ದಡದ ಹದಿನಾರು ಹಳ್ಳಿಗಳ ಬಂಡಿ ಗಾಲಿಗಳಿಗೆ ಕಬ್ಬಿಣದ ಹಳಿ ಕೂಡಿಸಿದವನು. ಅವನು ಕಾಸಿ ಇಳಿಸಿದ ಹಳಿಗೆ ಮತ್ತೊಮ್ಮೆ ಸುತ್ತಿಗೆ ಮುಟ್ಟಿಸುವ ಮಾತೇ ಇರಲಿಲ್ಲ. ಅಜ್ಜ ಈರಪ್ಪ ಮಾಡಿಕೊಟ್ಟ ಬಾವಿಯ ರಾಟೆಯಲ್ಲಿ ಬಸುರಿ ಹೆಂಗಸೂ ತುಂಬಿದ ಕೊಡವನ್ನು ಒಂದೇ ಕೈಯಲ್ಲಿ ಎಳೆಯುತ್ತಿದ್ದಳಂತೆ. ತಂದೆ ಭದ್ರಪ್ಪ ನಿಜಾಮರ ಕಾಲದಲ್ಲಿ ಹೈದರಾಬಾದಿಗೆ ಬಂದು ಒಂದು ವರ್ಕ್‌ಶಾಪ್ ಸೇರಿದ. ಅಲ್ಲಿನ ಸಾಹೇಬನ ಅಳತೆಪಟ್ಟಿಯೇ ತಪ್ಪು ಎಂದು ಎದುರಿಗೇ ಹೇಳಿ, ಹೇಳಿದ್ದನ್ನು ಸಾಧಿಸಿಯೂ ತೋರಿಸಿದ.

ಇಂಥವರ ಹೊಟ್ಟೆಯಲ್ಲಿ ಹುಟ್ಟಿದ ಮೌನಪ್ಪ ತಾರ್ನಾಕದ ಆಚೆಗಿನ ನಮ್ಮ ಸರಕಾರಿ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಕಬ್ಬಿಣ ಕಡೆಯುವ ಟರ್ನರ್ ಆಗಿದ್ದ. ಅವನ ಲೇಥಿನಿಂದ ಇಳಿದ ಮಾಲನ್ನು ತಪಾಸಣೆಯವರು ಸುಮ್ಮನೆ ಮುಟ್ಟಿ ಆಚೆ ಕಳಿಸುತ್ತಿದ್ದರು. ಕಾಲನಿಯ ಬಾಸ್ಕೆಟ್‌ಬಾಲ್ ಮೈದಾನದ ಎರಡು ಕಂಬ, ಎರಡು ಹಲಗೆ, ಎರಡು ರಿಂಗು ಎಪ್ಪತ್ತೆಂಟರಲ್ಲಿ ಅವನೇ ಮಾಡಿ ನಿಲ್ಲಿಸಿದ್ದು. ನೆಲದಿಂದ ರಿಂಗಿಗೆ ಬರೋಬ್ಬರಿ ಹತ್ತು ಅಡಿ.

ಅಂದಿನಿಂದ ಒಂದು ಪದ್ಧತಿ ಬಂತು. ಆಯುಧಪೂಜೆಯ ದಿನ ಕಾರ್ಖಾನೆಯ ಯಂತ್ರಗಳ ಪೂಜೆ ಮುಗಿದ ಮೇಲೆ ಎಲ್ಲರೂ ಮೈದಾನಕ್ಕೆ ಬರುವುದು, ಕಂಬಕ್ಕೆ ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕುವುದು, ಆಮೇಲೆ ಆ ವರ್ಷದ ತಂಡದ ಐದು ಹೆಸರು ಓದುವುದು. ಮೈದಾನದ ಪಕ್ಕದ ಬೇವಿನ ಕಟ್ಟೆಯ ಮೇಲೆ ಯಾರು ಎಷ್ಟೇ ಕೂಗಾಡಲಿ, ಹೆಸರು ಓದುವ ಹಕ್ಕು ರಿಂಗು ಮಾಡಿದವನದು.

ಎರಡು ಸಾವಿರದ ಎರಡನೆಯ ಇಸವಿಯಲ್ಲಿ ಆ ಕೂಗಾಟ ವಿಪರೀತಕ್ಕೆ ಹೋಯಿತು. ನಮ್ಮ ತಂಡ ಹಿಮಾಯತ್‌ನಗರದ ಪಂದ್ಯಾವಳಿಯಲ್ಲಿ ಸತತ ಮೂರನೆಯ ವರ್ಷ ಸೋತು ಬಂದಿತ್ತು. ಮನೆಯ ಮೈದಾನದಲ್ಲಿ ಹುಲಿ, ಹೊರಗೆ ಹೋದರೆ ಇಲಿ. ಅದೇ ಕಾಲಕ್ಕೆ ಮಾಧಾಪುರದ ಕಡೆ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಕಾಲನಿಯ ಸುತ್ತಿನ ಮಾಳಿಗೆ ಕೋಣೆಗಳೆಲ್ಲ ಕಂಪ್ಯೂಟರ್ ಹುಡುಗರಿಗೆ ಬಾಡಿಗೆಗೆ ಹೋಗಿ, ಅವರಲ್ಲಿ ನಾಲ್ಕೈದು ಜನ ಸಂಜೆ ಆಡಲು ಬರುತ್ತಿದ್ದರು.

ಸ್ಟೋರಿನ ಗೋಪಿನಾಥ ಬೇವಿನ ಕಟ್ಟೆಯ ಮೇಲೆ ಕೂತು ಶುರು ಮಾಡಿದ. "ನಮ್ಮ ಕ್ಯಾಪ್ಟನ್ ಯಶವಂತಗ ಮೂವತ್ತೆಂಟು ವರ್ಷರೀ. ಮೊಣಕಾಲಾಗಿನ ಎಣ್ಣಿ ಮುಗದೈತಿ. ಹಳೇ ಐದೂ ಮಂದೀನ ಕುಂಡ್ರಿಸಿ ಹುಡುಗರನ್ನ ಹಾಕೋಣು. ಎರಡು ವರ್ಷ ಸೋಲ್ತೀವಿ, ಸೋಲೋಣು. ಮೂರನೇ ವರ್ಷಕ್ಕ ಹೊಸಾ ತಂಡ ಗಟ್ಟಿ ಆಗ್ತೈತಿ."

"ಎರಡು ವರ್ಷ ಯಾಂವ ಕಾಯ್ತಾನೋ?" ಎಂದ ಕ್ಯಾಂಟೀನಿನ ಸುಬ್ಬಣ್ಣ. "ನಂಗ ಎಪ್ಪತ್ತೊಂದು. ಯಶವಂತನ ಮ್ಯಾಲ ಇನ್ನೊಂದು ವರ್ಷ ನಂಬಿಕಿ ಇಟ್ರ ಕಪ್ಪು ನಮ್ಮದ ಐತಿ."

"ನೀವೆಲ್ಲಿ ಹೋಗ್ತೀರಿ ಸುಬ್ಬಣ್ಣಾರ? ನಿಮ್ಮ ಬಾಯಿಗೆ ಹೆದರಿ ಯಮಾನೂ ಈ ಕಾಲನಿ ಗೇಟು ದಾಟೂದಿಲ್ಲ" ಎಂದ ಗೋಪಿನಾಥ.

ನಾನು ಗೋಪಿನಾಥನ ಪಕ್ಷ. ಕಟ್ಟೆಯ ಮುಕ್ಕಾಲು ಪಾಲು ಅವನ ಪಕ್ಷವೇ ಆಗಿತ್ತು. ಆದರೆ ಹೊಸ ಹುಡುಗರಲ್ಲಿ ಮೈಸೂರಿನ ದೀಪಕ ಮಾತ್ರ ಬೇಡ ಎಂಬುದರಲ್ಲಿ ಎಲ್ಲರೂ ಒಂದು. ಅವನು ಎಸೆದ ಚೆಂಡೆಲ್ಲ ರಿಂಗಿನ ಮೇಲೆ ಹಾಯ್ದು ಹೋಗುತ್ತಿತ್ತು. "ಇನ್ನೊಂದೀಟು ಜೋರಾಗಿ ಒಗದ್ರ ಮೌಲಾಲಿ ಗುಡ್ಡ ದಾಟ್ತೈತಿ" ಎಂದು ಸುಬ್ಬಣ್ಣ ನಗುತ್ತಿದ್ದ. "ನಮ್ಮೂರಲ್ಲಿ ಸರಿಯಾಗೇ ಬೀಳ್ತಿತ್ತು ಅಂಕಲ್, ಇಲ್ಲಿ ಯಾಕೋ ಗೊತ್ತಿಲ್ಲ" ಎಂದು ದೀಪಕ ತಲೆ ಕೆರೆದುಕೊಳ್ಳುತ್ತಿದ್ದ.

ಯಶವಂತನಿಗೆ ಲೇಥು ಕಲಿಸಿದವನು ಮೌನಪ್ಪನೇ. ಆದರೆ ಹಿಮಾಯತ್‌ನಗರದ ಆ ಸೋಲಿನಲ್ಲಿ ಅವನ ಕಣ್ಣಿಗೆ ಒಂದು ಸಂಗತಿ ಬಿದ್ದಿತ್ತು. ನಮ್ಮವರ ಚೆಂಡುಗಳೆಲ್ಲ ರಿಂಗಿನ ಮುಂದಿನ ತುಟಿಗೇ ಬಡಿದವು, ಮುದುಕರವೂ ಅಷ್ಟೇ, ಇಲ್ಲೇ ಆಡಿ ಕಲಿತ ಹುಡುಗರವೂ ಅಷ್ಟೇ. ಕೊನೆಗೆ ಐದು ನಿಮಿಷ ಆಡಲು ಇಳಿಸಿದ ದೀಪಕ ಮಾತ್ರ ನಾಲ್ಕು ಎಸೆದು ನಾಲ್ಕನ್ನೂ ಹಾಕಿದ; ಕಟ್ಟೆಯವರು ಅದನ್ನು ಅದೃಷ್ಟ ಎಂದು ತಳ್ಳಿಹಾಕಿದ್ದರು.

ಆಯುಧಪೂಜೆಯ ದಿನ ಬೆಳಕು ಹರಿಯುವಾಗಲೇ ಮೌನಪ್ಪ ಟೇಪು ಹಿಡಿದು ಮೈದಾನಕ್ಕೆ ಹೋದ. ರಿಂಗು ನಾಲ್ಕು ಬೆರಳು ತಗ್ಗಿತ್ತು. ಆ ಕಡೆಯದೂ ಅಷ್ಟೇ. ಕಂಬ ಕುಸಿದಿರಲಿಲ್ಲ, ನೆಲ ಏರಿತ್ತು. ಎಂಬತ್ತಾರರಲ್ಲಿ ಒಮ್ಮೆ, ತೊಂಬತ್ತೇಳರಲ್ಲಿ ಒಮ್ಮೆ ಬಿರುಕು ಮುಚ್ಚಲು ಹಳೆಯ ಸಿಮೆಂಟಿನ ಮೇಲೆಯೇ ಹೊಸ ಸಿಮೆಂಟು ಹಾಕಿದ್ದರು. ಎರಡೂ ಸಲ ಮುಂದೆ ನಿಂತು ಹಾಕಿಸಿದವನು ಮೌನಪ್ಪನೇ. ಹಗಲೆಲ್ಲ ಕೂದಲೆಳೆಯ ಲೆಕ್ಕದಲ್ಲಿ ಅಳೆಯುವ ಇನ್ನೂರು ಜನ ಸಂಜೆ ಆ ರಿಂಗಿನ ಕೆಳಗೆ ನಿಲ್ಲುತ್ತಿದ್ದೆವು. ಒಬ್ಬನೂ ಟೇಪು ಹಿಡಿದಿರಲಿಲ್ಲ. ಮೌನಪ್ಪ ಮಾಡಿದ್ದನ್ನು ಅಳೆಯುವುದು ಅವನಿಗೆ ಅವಮಾನ ಮಾಡಿದಂತೆ ಎಂದುಕೊಂಡಿದ್ದೆವು. ಹೊರಗಿನ ತಂಡಗಳ ಚೆಂಡು ನಮ್ಮಲ್ಲಿ ಮೇಲೆ ಹಾಯ್ದು ಹೋದರೆ, ನಮ್ಮ ಕೂಗಿಗೆ ಕೈ ನಡುಗಿತು ಎಂದು ಎದೆ ಉಬ್ಬಿಸುತ್ತಿದ್ದೆವು!

ಮನೆಗೆ ಬಂದು ಹೆಂಡತಿ ಗದಿಗೆಮ್ಮನಿಗೆ ಹೇಳಿದ.

"ಯಾರಿಗೂ ಗೊತ್ತಿಲ್ಲಲ್ಲ. ನಾಳೆ ಬಣ್ಣಾ ಹಚ್ತೀನಿ ಅಂತ ಹೇಳಿ ಸುಮ್ನ ಏರಿಸಿಬಿಡ್ರಿ. ಇಷ್ಟು ವರ್ಷದ ಹೆಸರು ಯಾಕ ಕಳ್ಕೋತೀರಿ?"

"ಇವತ್ತ ಕಟ್ಟಿ ಮಂದಿ ಮಾತು ಕೇಳಿ ಯಶವಂತನ ಹೆಸರು ಬಿಟ್ಟು ನಾಳೆ ರಿಂಗು ಏರಿಸಿದ್ರ, ನನ್ನ ತಪ್ಪು ಅವನ ಮೊಣಕಾಲಿನ ಮ್ಯಾಲ ಹಾಕಿದಂಗ ಆಗ್ತೈತಿ" ಎಂದ.

ಸಂಜೆ ಎಲ್ಲರೂ ಸೇರಿದರು. ಯಶವಂತ ತನ್ನ ಬೂಟನ್ನು ಕಾಗದದಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದ. ಹೆಸರು ಬರದಿದ್ದರೆ ಅಲ್ಲೇ ಯಾವನಾದರೂ ಹುಡುಗನಿಗೆ ಕೊಟ್ಟು ಹೋಗುವ ಮನಸ್ಸು. ಮೌನಪ್ಪ ಹೆಸರುಗಳ ಚೀಟಿ ತೆಗೆಯಲಿಲ್ಲ, ಟೇಪು ತೆಗೆದು ಗೋಪಿನಾಥನ ಕೈಗಿಟ್ಟ. "ಏಣಿ ಐತಿ. ಏರಿ ಅಳೀರಿ."

ಗೋಪಿನಾಥ ಅಳೆದ. ಮತ್ತೊಮ್ಮೆ ಅಳೆದ. "ಟೇಪು ಕೆಟ್ಟೈತೇನ್ರೀ?" ಎಂದ.

"ಟೇಪು ಛಲೋ ಐತಿ. ಕೆಟ್ಟಾಂವ ನಾನು. ನೆಲಾ ಏರಿಸಿದೆ, ರಿಂಗು ಏರಿಸಲಿಲ್ಲ. ಹದಿನಾರು ವರ್ಷ ಈ ಮಂದಿಗೆ ತಪ್ಪು ಕಲಿಸೀನಿ."

ಸುಬ್ಬಣ್ಣನೇ ಮೊದಲು ನಕ್ಕಿದ್ದು. "ಅಂದ್ರ ನಾವು ಇಷ್ಟು ವರ್ಷ ಗಂಟಲಾ ಹರಕೊಂಡದ್ದು ಗಿಡ್ಡ ರಿಂಗಿಗೇನೋ!"

ಯಶವಂತ ಮೆಲ್ಲಗೆ ಕೇಳಿದ. "ಕಾಕಾ, ಹಂಗಾದ್ರ ನನ್ನ ಮೊಣಕಾಲಿಂದು ಏನೂ ಇಲ್ಲೇನು?"

"ನಿನ್ನ ಮೊಣಕಾಲಿಂದೂ ಸ್ವಲ್ಪ ಐತಿ. ಹೆಚ್ಚಿಗಿ ನಂದ ಐತಿ" ಎಂದು ಮೌನಪ್ಪ ಚೀಟಿ ಬಿಚ್ಚಿದ. ಯಶವಂತ ನಾಯಕ, ಹಳಬರಲ್ಲಿ ಇನ್ನು ಮೂವರು, ಐದನೆಯವನು ದೀಪಕ. ಯಶವಂತ ಕಾಗದ ಹರಿದು ಅಲ್ಲೇ ಕೂತು ಬೂಟು ಹಾಕಿಕೊಂಡ.

ಮೌನಪ್ಪ ಮರುದಿನವೇ ಹಲಗೆಗಳಿಗೆ ಹೊಸ ತೂತು ಕೊರೆದು ಎರಡೂ ರಿಂಗುಗಳನ್ನು ಏರಿಸಿದ. ಹದಿನೈದು ದಿನ ನಮ್ಮವರ ಒಂದು ಚೆಂಡೂ ಬೀಳಲಿಲ್ಲ. ಆಮೇಲೆ ಬೀಳತೊಡಗಿದವು. ಮರುವರ್ಷ ಹಿಮಾಯತ್‌ನಗರದಲ್ಲಿ ಕೊನೆಯ ಪಂದ್ಯದವರೆಗೆ ಹೋಗಿ ಒಂದೇ ಬುಟ್ಟಿಯಿಂದ ಸೋತರು. ಇನ್ನೊಂದು ವರ್ಷ ಹಳಬರೇ ಇರಲಿ ಎಂದು ಸುಬ್ಬಣ್ಣ, ಈಗಲಾದರೂ ಹುಡುಗರನ್ನು ಇಳಿಸಿ ಎಂದು ಗೋಪಿನಾಥ. ಕಟ್ಟೆಯ ಜಗಳ ಈಗಲೂ ಹಾಗೇ ಸುಖವಾಗಿ ನಡೆದಿದೆ.

ಆಮೇಲೆ ಮೌನಪ್ಪ ಪ್ರತಿ ಆಯುಧಪೂಜೆಗೆ ಏಣಿ ಏರಿ, ಎಲ್ಲರೆದುರು ರಿಂಗು ಅಳೆದು, ಬೋಲ್ಟು ಬಿಗಿಮಾಡಿಯೇ ಹೆಸರು ಓದುವುದು. ಈ ಸಲ ಅವನಿಗೆ ಅರವತ್ತೆಂಟು, ಬೋಲ್ಟಿಗೆ ಹಾಕಿದ ಪಾನಾ ಎರಡು ಸಲ ಜಾರಿತು. ಈಗ ನಾಯಕನಾಗಿರುವ ದೀಪಕ ಓಡಿ ಬಂದು, "ಇಳೀರಿ ಅಂಕಲ್, ನಾನು ಹತ್ತಿ ಬಿಗಿ ಮಾಡ್ತೀನಿ. ಇಲ್ಲ ಅಂದ್ರೆ ಏಣಿನಾದ್ರೂ ಹಿಡ್ಕೋತೀನಿ" ಎಂದು ಏಣಿಗೆ ಕೈ ಹಾಕಿದ.

ಮೌನಪ್ಪ ಮೇಲಿನಿಂದಲೇ ಹೇಳಿದ: "ಬ್ಯಾಡಪಾ ತಮ್ಮಾ. ತಪ್ಪು ಮಾಡೂವಾಗ ನಾ ಯಾರ ಸಹಾಯನೂ ಕೇಳಿರಲಿಲ್ಲ. ಕೈ ಬಿಡು, ಆಚಿ ನಿಂದ್ರು."