ಸಾವಂತ್ರವ್ವನ ಹಗೇವು

ತಡಸ ಊರಿನ ಆಚೆ, ಹೊಲದ ಮನೆಯಲ್ಲಿ ಸಾವಂತ್ರವ್ವ ಮತ್ತು ಅವಳ ಗಂಡ ಉಳಿವೆಪ್ಪ ಇಬ್ಬರೇ ಇದ್ದರು. ಮಕ್ಕಳಾಗಿರಲಿಲ್ಲ. ಗೋವಿನಜೋಳದ ಚೀಲಗಳನ್ನು ಒಬ್ಬನೇ ಟ್ರ್ಯಾಕ್ಟರಿಗೆ ಏರಿಸುತ್ತಿದ್ದ ಗಟ್ಟಿ ಆಳು ಉಳಿವೆಪ್ಪ. ಲಕ್ವ ಹೊಡೆದ ಮೇಲೆ ಮಗ್ಗಲು ಬದಲಿಸಲೂ ಹೆಂಡತಿ ಬೇಕಾಯಿತು. ಬೆಳಗ್ಗೆ ಅವನಿಗೆ ಉಣಿಸಿ, ಹೊರಸಿನ ಪಕ್ಕ ನೀರಿಟ್ಟು, ಅವಳು ಕಳೆ ತೆಗೆಯಲು ಹೋಗುತ್ತಿದ್ದಳು.

ಹೋದ ವರ್ಷ ಮುಂಗಾರಿಗೆ ಮುಂಚೆ ಎದ್ದ ಬಿರುಗಾಳಿ ಅವರ ತಗಡಿನ ಚಾವಣಿಯ ಒಂದು ಮೂಲೆಯನ್ನು ಕಿತ್ತೊಯ್ದಿತ್ತು. ಆಗ ಅವಳು ಗಂಡನ ಮೇಲೆ ಕವುಚಿ ಮಲಗಿದ್ದಳು. ಗಾಳಿ ನಿಂತರೂ ಭಯ ನಿಲ್ಲಲಿಲ್ಲ. ಊರಿನ ಶಾಲೆಗೆ ಓಡುವುದು ಕಾಲಿದ್ದವರ ಮಾತು. ಇವನನ್ನು ಹೊತ್ತು ಎಲ್ಲಿಗೆ ಓಡುವುದು?

ಅಂಗಳದ ಮೂಲೆಯಲ್ಲಿ ಮಾವನ ಕಾಲದ ಹಗೇವು ಇತ್ತು. ಜೋಳ ತುಂಬಿಡುತ್ತಿದ್ದ, ಬಾಯಿ ಕಿರಿದಾಗಿ ಹೊಟ್ಟೆ ಅಗಲವಾದ ನೆಲದ ಕುಳಿ. ಸಾವಂತ್ರವ್ವ ಅದರ ಚಪ್ಪಡಿ ಸರಿಸಿದಳು. ಮೊದಲು ಇಳಿಬಿಟ್ಟ ದೀಪ ನಂದಿಹೋಯಿತು. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಾಯಿ ತೆರೆದಿಟ್ಟು, ದೀಪ ಉರಿಯುತ್ತ ನಿಲ್ಲುವವರೆಗೆ ಕಾದು ಆಮೇಲೆ ಇಳಿದಳು. ತಳದ ಮಣ್ಣು ಬಾಚಿ ಬುಟ್ಟಿಗೆ ತುಂಬಿದಳು; ಮೇಲೆ ನಿಂತು ಎಳೆದುಕೊಂಡವಳು ಪಕ್ಕದ ಹೊಲದ ಕುಲಸುಮಬಿ. ಬಾಯಿಯ ಸುತ್ತ ಮಣ್ಣಿನ ಒಡ್ಡು ಕಟ್ಟಿದರು. ಏಣಿ ಇಳಿಸಿದರು. ಗಂಡನನ್ನು ಕೂಡಿಸಿ ಇಳಿಸಲು ಗೋಣಿತಟ್ಟಿಗೆ ಹಗ್ಗ ಹೊಲಿದದ್ದೂ ಆಯಿತು.

“ಜೀವ ಇದ್ದಾಗ ಹೂಳಾಕ ಹೊಂಟೀ ಏನ?” ಎಂದ ಉಳಿವೆಪ್ಪ.

“ಹೂಳೂದಾದ್ರ ಇಬ್ರನ್ನೂ ಕೂಡೇ ಹೂಳ್ತಾರ, ಸುಮ್ಕಿರ್ರಿ.”

ಈ ವರ್ಷ ಮೇ ತಿಂಗಳ ಒಂದು ಮಧ್ಯಾಹ್ನ ಆಕಾಶ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತು. ಮೊದಲು ಗಾಳಿ, ಹಿಂದೆಯೇ ಆಲಿಕಲ್ಲು ಮಳೆ. ಕುಲಸುಮಬಿ ತನ್ನ ಗುಡಿಸಲು ಬಿಟ್ಟು ಓಡಿಬಂದಳು. ಇಬ್ಬರೂ ಉಳಿವೆಪ್ಪನನ್ನು ಹೊರಗೆ ತಂದು, ಬೇವಿನ ಮರಕ್ಕೆ ಸುತ್ತಿದ ಹಗ್ಗವನ್ನು ಮೆಲ್ಲಗೆ ಸಡಿಲಿಸುತ್ತ ಹಗೇವಿಗೆ ಇಳಿಸಿದರು. ತಾವೂ ಇಳಿದು ಬಾಯಿಗೆ ಒಂದು ತಗಡು ಎಳೆದುಕೊಂಡರು. ಸ್ವಲ್ಪ ಹೊತ್ತಿಗೆ ಮೇಲೆ ಏನೋ ದೊಡ್ಡದು ಕುಸಿದ ಸದ್ದಾಯಿತು.

“ಮನಿ ಹೋತು,” ಎಂದ ಉಳಿವೆಪ್ಪ.

“ಹೋಗ್ಲಿ. ನೀವು ಅದೀರಲ್ಲ.”

ಅಷ್ಟರಲ್ಲಿ ಬಾಯಿಯ ತಗಡೂ ಹಾರಿಹೋಯಿತು. ಅಂಗಳದ ನೀರು ಒಡ್ಡನ್ನು ಕರಗಿಸಿಕೊಂಡು ಒಳಗೆ ಸುರಿಯತೊಡಗಿತು. ಆಲಿಕಲ್ಲು ಕರಗಿದ ನೀರು, ಎಲುಬು ಕೊರೆಯುವಷ್ಟು ತಣ್ಣಗಿತ್ತು. ಅದು ಮೊಣಕಾಲಿಗೆ ಬಂದಾಗ ಸಾವಂತ್ರವ್ವ ಏಣಿ ಹತ್ತಿ ಹಗ್ಗ ಜಗ್ಗಿದಳು. ಕುಲಸುಮಬಿ ಕೆಳಗಿನಿಂದ ನೂಕಿದಳು. ಅವನ ತೊಯ್ದ ಮೈ ಒಂದು ಗೇಣೂ ಏಳಲಿಲ್ಲ. ಇಳಿಸುವುದನ್ನಷ್ಟೇ ಸಾವಂತ್ರವ್ವ ಯೋಚಿಸಿದ್ದಳು. ಮೇಲೆತ್ತಲು ಗಂಡಾಳುಗಳು ಬೇಕಾದೀತೆಂದು ಹೊಳೆದಿರಲೇ ಇಲ್ಲ.

“ಅಕ್ಕಾ, ಮಂದೀನ ಕರ್ಕೊಂಡು ಬರ್ತೇನಿ,” ಎಂದು ಕುಲಸುಮಬಿ ಏಣಿ ಹತ್ತಿ, ತಲೆಗೆ ಬುಟ್ಟಿ ಬೋರಲು ಹಾಕಿಕೊಂಡು ಊರಿನತ್ತ ಓಡಿದಳು.

ಸಾವಂತ್ರವ್ವ ಮತ್ತೆ ಇಳಿದಳು. ಗಂಡನ ಕಂಕುಳಿಗೆ ಕೈಕೊಟ್ಟು, ಎದೆಗೆ ಆನಿಸಿಕೊಂಡು ನಿಂತಳು.

“ನೀ ಮ್ಯಾಲ ಹೋಗ, ಸಾವಂತ್ರಿ.”

“ನಿಮ್ಮನ್ನ ಬಿಟ್ಟು ಎಲ್ಲಿಗೆ ಹೋಗ್ಲಿ?”

“ಭಾಳ ಥಂಡಿ ಆಗಾಕತ್ತೈತಿ.”

“ಬರ್ತಾರ. ಈಗ ಬರ್ತಾರ.”

ಅವನ ಹಲ್ಲು ಕಟಕಟ ಎನ್ನುತ್ತಿದ್ದವು. ಆಮೇಲೆ ಆ ಸದ್ದೂ ನಿಂತಿತು. ಅವಳು ಮಾತಾಡುತ್ತಲೇ ಇದ್ದಳು. ಬೇಸಿಗೆ ಕಳೆದ ಮೇಲೆ ಶಿಗ್ಗಾಂವಿಯ ದವಾಖಾನೆಗೆ ಹೋಗೋಣ ಎಂದಳು, ಬೆಲ್ಲ ಹಾಕಿ ಅಳ್ಳಿಟ್ಟು ಮಾಡಿಕೊಡುತ್ತೇನೆ ಎಂದಳು.

ದಾರಿಯುದ್ದಕ್ಕೂ ಮರಗಳು ಬಿದ್ದಿದ್ದವು. ಮಂದಿ ಬರುವ ಹೊತ್ತಿಗೆ ಮಳೆ ನಿಂತು ಸಂಜೆಯ ಬಿಸಿಲು ಬಂದಿತ್ತು. ನೀರು ಅವಳ ಎದೆಮಟ್ಟ ಇತ್ತು. ಅವಳ ಕೈಗಳನ್ನು ಬಿಡಿಸಲು ಇಬ್ಬರು ಇಳಿಯಬೇಕಾಯಿತು. ಉಳಿವೆಪ್ಪನ ಮೈ ಆಗಲೇ ಸೆಟೆದಿತ್ತು.

ಮನೆಯ ಗೋಡೆ ಅವನ ಹೊರಸಿನ ಮೇಲೆಯೇ ಬಿದ್ದಿತ್ತು.

“ಮನಿ ಒಳಗ ಇದ್ದಿದ್ರೂ ಉಳೀತಿರಲಿಲ್ಲ ಬಿಡವಾ. ನಿಂದೇನ ತಪ್ಪೈತಿ?” ಎಂದು ಬಂದವರೆಲ್ಲ ಸಮಾಧಾನ ಹೇಳಿದರು.

“ಒಳಗ ಇದ್ದಿದ್ರ ನಾನೂ ಬಾಜೂಕ ಇರ್ತಿದ್ದೆ,” ಎಂದಳು ಸಾವಂತ್ರವ್ವ.

ಊರವರು ಹಗೇವಿಗೆ ಮಣ್ಣು ತುಂಬಿದರು. ಅವಳೀಗ ಕುಲಸುಮಬಿ ಹೊಸದಾಗಿ ಹಾಕಿಕೊಂಡ ಗುಡಿಸಲಿನಲ್ಲಿದ್ದಾಳೆ. ಗುಡುಗಿದರೂ ಅಂಗಳ ಬಿಟ್ಟು ಏಳುವುದಿಲ್ಲ. ಕುಲಸುಮಬಿ ರಟ್ಟೆ ಹಿಡಿದು ಎಳೆದರೆ ಒಳಗೆ ಬರುತ್ತಾಳೆ, ಎಳೆಯದಿದ್ದರೆ ನೆನೆಯುತ್ತ ಕೂತೇ ಇರುತ್ತಾಳೆ.