ಜೋಲಿ ಎಳೆದಿದ್ದು ನಾನು

ನನ್ನ ಮಗನ ತಲೆಗೆ ಪೆಟ್ಟು ಬಿದ್ದಿದ್ದು ನನ್ನಿಂದ. ಮಗಳಿಂದಲ್ಲ. ಐದು ವರ್ಷದಿಂದ ಊರಿಗೆಲ್ಲ, ನೆಂಟರಿಗೆಲ್ಲ ಮಗಳಿಂದ ಅಂತ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳು. ಇನ್ನೂ ನೆಟ್ಟಗೆ ಮಾತು ಬರದ ಕೂಸಿನ ತಲೆಗೆ ನನ್ನ ತಪ್ಪು ಕಟ್ಟಿ, ನಾನು ಆರಾಮಾಗಿ ಓಡಾಡಿಕೊಂಡಿದ್ದೆ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಆಗಿದ್ದನ್ನು ಆದ ಹಾಗೆ ಹೇಳುತ್ತೇನೆ.

ನಮ್ಮದು ಹೊಳೆನರಸೀಪುರದ ಹತ್ತಿರ ಒಂದು ಹಳ್ಳಿ. ನಾನು ಲಗೇಜ್ ಆಟೋ ಓಡಿಸುತ್ತೇನೆ — ತೆಂಗಿನಕಾಯಿ, ಭತ್ತದ ಮೂಟೆ, ಸಿಕ್ಕಿದ್ದು. ಮೊದಲನೆಯವಳು ಸಿಂಚನ, ನಮಗೆ ಸಿಂಚು. ಅವಳಿಗೆ ಎರಡು ತುಂಬಿದ ಮೇಲೆ ಮಗ ಹುಟ್ಟಿದ. ನನ್ನ ಹೆಂಡತಿ ಶೋಭಾ ಅರಕಲಗೂಡಿನ ಕಡೆಯವಳು. ತವರಿನಲ್ಲಿ ಬಾಣಂತನ ಮುಗಿಸಿಕೊಂಡು ಮೂರನೇ ತಿಂಗಳಿಗೆ ಎರಡೂ ಮಕ್ಕಳ ಜೊತೆ ವಾಪಸ್ಸು ಬಂದಳು. ಅಲ್ಲಿಯವರೆಗೆ ಮನೆಯಲ್ಲಿ ನಾನು, ನಮ್ಮವ್ವ ಇಬ್ಬರೇ. ಉಣ್ಣುವ ಹೊತ್ತಿಗೆ ಊಟ, ಮಲಗುವ ಹೊತ್ತಿಗೆ ನಿದ್ದೆ. ಅವರು ಬಂದ ದಿನದಿಂದ ಅದೆಲ್ಲ ಹೋಯಿತು.

ಒಂದು ಅಳು ನಿಂತರೆ ಇನ್ನೊಂದು ಶುರು. ಸಣ್ಣದಕ್ಕೆ ಹಾಲು ಕೊಡಲು ಕೂತರೆ ದೊಡ್ಡದು ಬಂದು ಅದೇ ತೊಡೆ ಬೇಕು ಅನ್ನುತ್ತಿತ್ತು. ಬಟ್ಟೆಯಲ್ಲಿ ಉಚ್ಚೆ ಮಾಡುವುದನ್ನು ಬಿಟ್ಟಿದ್ದವಳು ಮತ್ತೆ ಮಾಡತೊಡಗಿದಳು. ಅವ್ವ ಕಾಲು ನೀಡಿ ಕೂತು ಕೂಸಿಗೆ ನೀರು ಹಾಕುವಾಗ, ತನ್ನನ್ನೂ ಹಾಗೇ ಕಾಲಿನ ಮೇಲೆ ಮಲಗಿಸಿಕೊಂಡು ನೀರು ಹಾಕಬೇಕು ಅಂತ ಬಚ್ಚಲಲ್ಲಿ ಉರುಳಾಡುತ್ತಿದ್ದಳು. ಶೋಭಾ ತಲೆ ಬಾಚಿಕೊಳ್ಳುವಷ್ಟರಲ್ಲಿ ಸಂಜೆ ಆಗಿರುತ್ತಿತ್ತು. ನಾನು? ನಾನು ಮನೆಗೆ ಬಂದವನೇ ರೇಗುತ್ತಿದ್ದೆ. ತಟ್ಟೆ ಕುಕ್ಕುತ್ತಿದ್ದೆ. ಎರಡು ಮಕ್ಕಳನ್ನು ಹುಟ್ಟಿಸಿದವನಿಗೆ ಎರಡು ಮಕ್ಕಳ ಸದ್ದು ಆಗುತ್ತಿರಲಿಲ್ಲ.

ಮನೆಗೆ ಬಂದವರೆಲ್ಲ ಒಂದೇ ಮಾತು ಆಡುತ್ತಿದ್ದರು. "ದೊಡ್ಡುದುಕ್ಕೆ ಒಟ್ಟೆಕಿಚ್ಚು ಕಣವ್ವ. ಒಂದು ಕಣ್ಣಿಟ್ಟಿರಿ, ಸಣ್ಣುದ್ನ ಏನಾರ ಮಾಡ್ಬುಟ್ಟಾತು." ಎರಡೂವರೆ ವರ್ಷದ ಮಗು! ಅದು ಅಮ್ಮ ಬೇಕು ಅಂತ ಅತ್ತರೆ ಇವರಿಗೆ ಅದು ಹೊಟ್ಟೆಕಿಚ್ಚು. ಈಗ ನೆನೆಸಿಕೊಂಡರೆ ಅವರ ಮೇಲೂ ಸಿಟ್ಟು ಬರುತ್ತದೆ. ಆದರೆ ಅವರು ಬರೀ ಮಾತಾಡಿದರು. ಆ ಮಾತನ್ನು ಬಳಸಿಕೊಂಡವನು ನಾನು.

ಅವತ್ತು ಬೆಳಿಗ್ಗೆ ಅವ್ವ ಡೇರಿಗೆ ಹಾಲು ಹಾಕಲು ಹೋಗಿದ್ದರು. ಶೋಭಾ ಬಂದು, "ರೀ, ಸ್ವಲ್ಪ ಮಕ್ಳು ನೋಡ್ಕಳಿ. ತಲೆಗೆ ನೀರು ಉಯ್ಕಂಡು ಬತ್ತೀನಿ, ಗಬ್ಬು ನಾರ್ತಾ ಇವ್ನಿ" ಅಂದಳು.

"ಬಿರ್ನೆ ಬಾ. ನಂಗೆ ಲೋಡ್ ಐತೆ" ಅಂದೆ. ಒಂದು ಸ್ನಾನದ ಹೊತ್ತು. ಅಷ್ಟೇ ಅವಳು ಕೇಳಿದ್ದು.

ನಡುಮನೆಯ ತೊಲೆಗೆ ಅವ್ವನ ಹಳೇ ಸೀರೆಯಲ್ಲಿ ಜೋಲಿ ಕಟ್ಟಿದ್ದೆವು. ನಮ್ಮ ಕಡೆ ಜೋಲಿಗೆ ಉದ್ದಕ್ಕೆ ಒಂದು ಹಗ್ಗ ಬಿಟ್ಟಿರುತ್ತಾರೆ. ಹೆಂಗಸರು ಅದರ ತುದಿಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಕಾಲಲ್ಲಿ ಜೋಲಿ ತೂಗುತ್ತಾ, ಕೈಯಲ್ಲಿ ಅವರೆಕಾಯಿ ಸುಲಿಯುತ್ತಾರೆ. ಎಷ್ಟು ಎಳೆಯಬೇಕು ಅಂತ ಅವರ ಕಾಲಿಗೆ ಗೊತ್ತಿರುತ್ತದೆ. ನಾನೂ ಹಾಗೇ ಮಾಡಲು ಹೋದೆ. ಚಾಪೆ ಮೇಲೆ ಬಿದ್ದುಕೊಂಡು, ಹಗ್ಗ ಹೆಬ್ಬೆರಳಿಗೆ ಸಿಕ್ಕಿಸಿ, ಕೈಯಲ್ಲಿ ಮೊಬೈಲ್ ಹಿಡಿದು.

ಕೂಸು ಅಳುತ್ತಲೇ ಇತ್ತು. ಸಿಂಚು ಪಕ್ಕದಲ್ಲಿ ನಿಂತು, ಸೀರೆಯ ಅಂಚು ಹಿಡಿದು ಒಳಗೆ ಇಣುಕಿ, "ಜೋ ಜೋ ಪಾಪು" ಅನ್ನುತ್ತಿದ್ದಳು. ಹೌದು — ಸಮಾಧಾನ ಮಾಡುತ್ತಿದ್ದಳು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ತೆಂಗಿನಕಾಯಿ ಮಂಡಿಯವನ ಫೋನು. "ಎಲ್ಲಯ್ಯ ಸತ್ತೆ? ಕಾಯಿ ರಾಶಿ ಬಿದ್ದೈತೆ, ಆಳುಗಳು ಬಾಯಿ ಬಾಯಿ ಬಿಡ್ತಾ ಕುಂತವ್ರೆ! ಆಗಲ್ಲ ಅಂದ್ರೆ ಯೋಳು, ಇನ್ನೊಬ್ಬನ್ನ ಕರೀತೀನಿ" ಅಂದು ನಾನು ಬಾಯಿ ಬಿಡುವ ಮುಂಚೆಯೇ ಕಟ್ ಮಾಡಿದ.

ಅವನಿಗೆ ತಿರುಗಿ ಬೈಯುವ ಯೋಗ್ಯತೆ ನನಗಿರಲಿಲ್ಲ. ಕೂಸು ಕಿರುಚುತ್ತಿತ್ತು. ಕಾಲನ್ನು ಇದ್ದಬದ್ದ ಬಲ ಹಾಕಿ ಜಾಡಿಸಿ ಎಳೆದೆ. ಜೋಲಿ ನನ್ನ ಕಡೆ ಹಾರಿ ಬಂದು, ಅಷ್ಟೇ ರಭಸದಲ್ಲಿ ಹಿಂದಕ್ಕೆ ಹೋಗಿ ಗೋಡೆ ಪಕ್ಕದ ಕಬ್ಬಿಣದ ಬೀರುವಿನ ಮೂಲೆಗೆ ಬಡಿಯಿತು. ತಪ್ಪಿ ಆಗಿದ್ದಲ್ಲ — ಸಿಟ್ಟಿನಲ್ಲಿ ಬೇಕಂತಲೇ ಎಳೆದಿದ್ದು. ಪೆಟ್ಟು ಬೀಳಲಿ ಅಂತ ಎಳೆಯಲಿಲ್ಲ, ನಿಜ. ಆದರೆ ಬೀಳಬಾರದು ಅಂತಲೂ ನನಗೆ ಆ ಗಳಿಗೆ ಅನಿಸಲಿಲ್ಲ.

ಸೀರೆಯ ಅಂಚು ಕಿತ್ತುಕೊಂಡು ಹೋದ ರಭಸಕ್ಕೆ ಸಿಂಚು ಕುಕ್ಕರಿಸಿ ಬಿದ್ದಳು. ಕೂಸಿನ ಅಳು ನಿಂತುಹೋಯಿತು. ಆಗ ನಾನು ಮೊದಲು ಏನು ಮಾಡಿದೆ ಗೊತ್ತೇ? ಮಗುವನ್ನು ಎತ್ತಿಕೊಳ್ಳಲಿಲ್ಲ. ಹೆಬ್ಬೆರಳಿನಿಂದ ಹಗ್ಗ ಬಿಚ್ಚಿದೆ. ಆಮೇಲೆ ಎತ್ತಿಕೊಂಡೆ.

ಶೋಭಾ ಒದ್ದೆ ತಲೆಯಲ್ಲೇ ಓಡಿಬಂದಳು. "ಏನಾಯ್ತ್ರೀ? ಯಾಕ್ರೀ ಕಣ್ಣು ಮೇಲೆ ಮಾಡೈತೆ?"

"ಇವ್ಳೇ ಕಣೇ. ಜೋಲಿ ಇಡ್ದು ತಳ್ಬುಟ್ಲು."

ಯೋಚನೆ ಮಾಡಿ ಹೇಳಿದ್ದಲ್ಲ. ಊರವರು ಮೊದಲೇ ತಯಾರು ಮಾಡಿಟ್ಟಿದ್ದ ಸುಳ್ಳು, ತಾನಾಗಿ ಬಾಯಿಗೆ ಬಂತು.

ಅಲ್ಲಿಯವರೆಗೆ ಮಗಳ ಮೇಲೆ ಕೈಯೆತ್ತದವಳು ಅವತ್ತು ಒದ್ದೆ ಕೈಯಲ್ಲಿ ಅವಳ ಕೆನ್ನೆಗೆ ಹೊಡೆದಳು. ಸಿಂಚು ಅಳಲಿಲ್ಲ. ನನ್ನ ಕಾಲು ತೋರಿಸಿ, "ಅಪ್ಪ... ಅಪ್ಪ ಕಾಲು..." ಅಂದಳು.

"ಬಾಯಿ ಮುಚ್ಚೇ!" ಅಂತ ಕಿರುಚಿದೆ. ಅವಳು ಮುಚ್ಚಿದಳು. ಅವಳಿಗೆ ಬರುತ್ತಿದ್ದುದೇ ಹತ್ತಿಪ್ಪತ್ತು ಮಾತು. ಅದರಲ್ಲೇ ನಿಜ ಹೇಳಿದ್ದಳು.

ಹಾಸನದ ಆಸ್ಪತ್ರೆಯಲ್ಲಿ ತಲೆ ಸ್ಕ್ಯಾನ್ ಮಾಡಿದರು. ಡಾಕ್ಟರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಎರಡೂವರೆ ವರ್ಷದ ಮಗು ಇಷ್ಟು ಜೋರಾಗಿ ತಳ್ಳುತ್ತೇನಪ್ಪ?" ಅಂತ ಕೇಳಿದರು.

"ತಳ್ತದೆ ಸಾ. ಬಲು ಗಟ್ಟಿ ಅದು" ಅಂದೆ.

ಅಲ್ಲೂ ಹೇಳಬಹುದಿತ್ತು. ಹೇಳಲಿಲ್ಲ. ದೇವರು ದೊಡ್ಡವನು, ಮಗ ಉಳಿದ. ಕಿವಿಯ ಮೇಲೆ ಒಂದು ಗಾಯದ ಗುರುತು ಬಿಟ್ಟರೆ ಏನೂ ಇಲ್ಲ. ಚೆನ್ನಾಗಿದ್ದಾನೆ, ಓಡುತ್ತಾನೆ. ಹಾಗಾಗಿ ಎಲ್ಲರೂ ಅಂದುಕೊಂಡರು, ಮುಗಿಯಿತು ಅಂತ.

ಮುಗಿಯಲಿಲ್ಲ. ಮನೆಗೆ ಬಂದ ಮೇಲೆ ಅವ್ವ ಸಿಂಚುವನ್ನು ಕೂಸಿನ ಹತ್ತಿರ ಬಿಡಲಿಲ್ಲ. ದಿನಾ ಸಂಜೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವರು — ಅಕ್ಕನ ಕಣ್ಣು ತಮ್ಮನಿಗೆ ತಾಕಿದೆ ಅಂತ. ಕೊನೆಗೆ, "ಕೂಸು ನಡೆಯಾ ಗಂಟ ಇವ್ಳು ಇಲ್ಲಿ ಬ್ಯಾಡ ಕಣ್ಲಾ, ಅವ್ರಜ್ಜಿ ಮನೇಲಿ ಬುಟ್ಬಾ" ಅಂದರು. ಶೋಭಾ ಅತ್ತಳು, ಆದರೆ ಬೇಡ ಅನ್ನಲಿಲ್ಲ. ಅವಳಿಗೂ ಮಗಳನ್ನು ಕಂಡರೆ ಹೆದರಿಕೆ ಹುಟ್ಟಿತ್ತು. ಆ ಹೆದರಿಕೆ ಹುಟ್ಟಿಸಿದವನು ನಾನು.

ನಾನೇ ಸಿಂಚುವನ್ನು ಆಟೋದಲ್ಲಿ ಕೂರಿಸಿಕೊಂಡು ಅರಕಲಗೂಡಿನ ದಾರಿ ಹಿಡಿದೆ. ದಾರಿಯುದ್ದಕ್ಕೂ ಹಾರನ್ ಒತ್ತಿ ನಗುತ್ತಿದ್ದಳು. ಬಿಟ್ಟು ಹೊರಟಾಗ ಅಜ್ಜಿಯ ಕೈ ಕಚ್ಚಿ ಬಿಡಿಸಿಕೊಂಡು ಆಟೋ ಹಿಂದೆ ಓಡಿಬಂದಳು. ನಾನು ನಿಲ್ಲಿಸಲಿಲ್ಲ. ಮನೆ ತಣ್ಣಗಾಯಿತು. ಒಂದೇ ಮಗು, ಒಂದೇ ಅಳು. ನಾನು ಚೆನ್ನಾಗಿ ನಿದ್ದೆ ಮಾಡಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ವರ್ಷದ ಮೇಲಾಯಿತು ಅವಳು ವಾಪಸ್ಸು ಬರಲು. ಬಂದಾಗ ಪೂರಾ ಮಾತು ಕಲಿತಿದ್ದಳು. ಹಬ್ಬಕ್ಕೆ ಬಂದ ನೆಂಟರು, "ಏನಮ್ಮಿ, ತಮ್ಮನ್ನ ಇನ್ನೊಂದ್ಸಲ ತಳ್ಳೀಯಾ?" ಅಂತ ಕೆಣಕಿ ನಗುವರು. ನಾನೂ ನಗುತ್ತಿದ್ದೆ. ನಗದೇ ಇದ್ದರೆ ಸಿಕ್ಕಿಬೀಳುತ್ತೇನೆ ಅಂತ ಭಯ. ಅವಳು ನಗುವವರ ಮುಖ ಒಂದೊಂದಾಗಿ ನೋಡುತ್ತಾ ನಿಂತಿರುತ್ತಿದ್ದಳು.

ಈಗ ಅವಳು ಎರಡನೇ ಕ್ಲಾಸು. ಮೊನ್ನೆ ಸ್ಕೂಲ್ ವ್ಯಾನ್ ಇಳಿದು ಬರುವಾಗ ಮಗ ಕಾಲು ಜಾರಿ ಚರಂಡಿಗೆ ಬಿದ್ದ. ಮೊಣಕಾಲುದ್ದ ಕೊಚ್ಚೆ. ಕೈ ಮೇಲೆತ್ತಿ, "ಅಕ್ಕಾ, ಅಕ್ಕಾ" ಅಂತ ಕೂಗುತ್ತಿದ್ದ. ನಾನು ಆಟೋ ನಿಲ್ಲಿಸಿ ಓಡಿಬರುತ್ತಿದ್ದೆ. ಸಿಂಚು ದಡದಲ್ಲಿ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದಳು. ತಮ್ಮನನ್ನೇ ನೋಡುತ್ತಿದ್ದಳು, ಆದರೆ ಕೈ ಚಾಚಲಿಲ್ಲ.

ಎದುರುಮನೆಯ ಅಜ್ಜಿ ಜಗುಲಿಯಿಂದಲೇ ಬೈದರು. "ಕೈ ಕೊಟ್ಟು ಎತ್ತಬಾರ್ದೇನಮ್ಮಿ? ಲೈಟು ಕಂಬ ನಿಂತಂಗೆ ನಿಂತೀಯಲ್ಲ!"

"ನಾನು ಮುಟ್ಟಂಗಿಲ್ಲ ಅಜ್ಜಿ. ನಾನು ಮುಟ್ಟುದ್ರೆ ಅವ್ನಿಗೆ ಏಟಾಯ್ತದೆ."

ಮಗನನ್ನು ಎತ್ತಿ ನಿಲ್ಲಿಸಿದೆ. ಆ ಗಳಿಗೆ ನನ್ನ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಯುವುದೂ ಬೇಡ.

ಅವತ್ತು ಸಂಜೆಯೇ ಅವ್ವನನ್ನೂ ಶೋಭಾಳನ್ನೂ ಕೂರಿಸಿಕೊಂಡು ಹೇಳಿದೆ. ಅವ್ವ, "ಮುಗ್ದೋದ ಮಾತು ಈಗ್ಯಾಕ್ಲಾ ಎತ್ತೀಯ? ಮಗೀಗೆ ಯೋಳ್ಬ್ಯಾಡ. ಅಪ್ಪನ ಮೇಲೆ ಮರ್ವಾದೆ ಓಯ್ತದೆ" ಅಂದರು. ನನ್ನ ಮರ್ಯಾದೆ! ಏಳು ವರ್ಷದ ಹುಡುಗಿ ಕೈ ಕಟ್ಟಿಕೊಂಡು ನಿಂತಿದ್ದಾಳೆ, ಇವರಿಗೆ ನನ್ನ ಮರ್ಯಾದೆ.

ಶೋಭಾ ತನ್ನ ಅಂಗೈ ನೋಡಿಕೊಂಡು ಕೇಳಿದಳು, "ಅಂಗಾದ್ರೆ ಅವತ್ತು ನಾನು ಒಡ್ದಿದ್ದು — ಯಾರಿಗೆ ಒಡ್ದೆ ನಾನು?" ಅವತ್ತಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬಿಡಲಿ.

ಮಾರನೇ ದಿನ ಸಿಂಚುವನ್ನು ಮುಂದೆ ಕೂರಿಸಿಕೊಂಡು ಎಲ್ಲ ಹೇಳಿದೆ. ಹಗ್ಗ, ಫೋನು, ಬೀರು, ನಾನು ಕಿರುಚಿದ್ದು. ಅವಳು ಪೂರ್ತಿ ಕೇಳಿದಳು. ಆಮೇಲೆ ತಲೆ ಅಲ್ಲಾಡಿಸಿದಳು.

"ಇಲ್ಲ ಅಪ್ಪ. ನಾನೇ ತಳ್ಳಿದ್ದು. ನಂಗೆ ಚೆನ್ನಾಗಿ ಗ್ಯಾಪಕ ಐತೆ."

ಮಾಡದೇ ಇದ್ದುದನ್ನು ಮಾಡಿದ್ದು ಅಂತ ನೆನಪಿಟ್ಟುಕೊಂಡಿದ್ದಾಳೆ. ಇಷ್ಟು ಜನ ಇಷ್ಟು ವರ್ಷ ಹೇಳಿದ್ದನ್ನು ಒಂದು ದಿನದಲ್ಲಿ ಅಳಿಸಲು ನನ್ನಿಂದ ಆಗಲಿಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಎದುರುಮನೆ ಅಜ್ಜಿಗೆ ಹೇಳಿಯಾಯಿತು. ಭಾನುವಾರ ಅರಕಲಗೂಡಿಗೆ ಹೋಗಿ ಅತ್ತೆಗೆ, ಭಾವಮೈದುನನಿಗೆ ಹೇಳುತ್ತೇನೆ. ಆಡಿಕೊಂಡು ನಕ್ಕ ನೆಂಟರ ಮನೆಗಳಿಗೂ ಹೋಗುತ್ತೇನೆ. ಉಗಿಯುವವರು ಉಗಿಯಲಿ. ಮಗಳಿಗೆ ಮಾತ್ರ ದಿನಾ ಹೇಳುತ್ತೇನೆ. ಅವಳು ಕ್ಷಮಿಸಲಿ ಅಂತಲ್ಲ. ಒಂದು ದಿನ ಅವಳಿಗೆ ನನ್ನ ಮಾತು ನಿಜ ಅನಿಸಬೇಕು. ಅವತ್ತು ಅವಳಿಗೆ ನನ್ನ ಮೇಲೆ ಸಿಟ್ಟು ಬರಬೇಕು.

ಇನ್ನೂ ಬಂದಿಲ್ಲ.